ಗರ್ಭದಲ್ಲಿ ಶಿಶುವಿನ ಕೈಕಾಲುಗಳು ಮೂಡುವ ಬಗೆ

ಶಿಶು ಜನಿಸಿದೊಡನೆ ಮನೆಯವರು ಮೊದಲು ಕೇಳುವುದು ತಾಯಿ-ಮಗುವಿನ ಕ್ಷೇಮವನ್ನು. ಅನಂತರ ಎಣಿಸುವುದು ಕೈಬೆರಳು, ಕಾಲ್ಬೆರಳುಗಳನ್ನು. ಬೆರಳುಗಳು ಸರಿಯಾಗಿದ್ದರೆ ಎಲ್ಲರಿಗೂ ನೆಮ್ಮದಿ. ಒಂದು ಬೆರಳು ಹೆಚ್ಚಾಗಿದ್ದರೆ ಅಥವಾ ಪಾದ ಒಳಕ್ಕೆ ತಿರುಚಿಕೊಂಡಿದ್ದರೆ ಹಲವು ಮಾತುಗಳು ಹುಟ್ಟುತ್ತವೆ. ಆ ಮಾತುಗಳಲ್ಲಿ ಬಹುಪಾಲು ತಾಯಿಯ ಮೇಲೆಯೇ ಬೀಳುತ್ತವೆ. ಕೈಕಾಲುಗಳು ಯಾವಾಗ, ಹೇಗೆ ಮೂಡುತ್ತವೆ ಎಂಬುದನ್ನು ತಿಳಿದರೆ ಇಂತಹ ಮಾತುಗಳಲ್ಲಿ ಹುರುಳಿಲ್ಲವೆಂಬುದು ಸ್ಪಷ್ಟವಾಗುವುದು. ದಂಪತಿಗಳಾದ ನೀವು ಮುಂಚಿತವಾಗಿ ಯಾವ ಎಚ್ಚರಿಕೆ ವಹಿಸಬಹುದೆಂಬುದೂ ತಿಳಿಯುವುದು. ಈ ಪಾಠದ ಉದ್ದೇಶ ಅದೇ ಆಗಿದೆ.

1. ಒಂದೇ ನಕ್ಷೆ, ಹಲವು ರೂಪಗಳು

ಅಜ್ಜಂಪುರದ ಅಮೃತಮಹಲ್ ತಳಿಯ ರಾಸುಗಳನ್ನು ನೀವೆಲ್ಲರೂ ಬಲ್ಲಿರಿ. ಮೈಸೂರು ಅರಸರ ಕಾಲದಿಂದ ಕಾವಲುಗಳಲ್ಲಿ ಬೆಳೆದುಬಂದ ಈ ತಳಿ ತನ್ನ ಕಾಲಿನ ಓಟಕ್ಕೂ ಕಸುವಿಗೂ ಹೆಸರಾದುದು. ಎತ್ತಿನ ಮುಂಗಾಲಿನಲ್ಲಿ ನಾವು ಮಂಡಿ ಎಂದು ಕರೆಯುವ ಕೀಲು ನಿಜವಾಗಿ ನಮ್ಮ ಮಣಿಕಟ್ಟಿಗೆ ಸಮನಾದುದು. ಅದರ ಕೆಳಗಿರುವ ಉದ್ದನೆಯ ಮೂಳೆ ನಮ್ಮ ಅಂಗೈಯ ಮೂಳೆಗಳಿಗೆ ಸಮ. ಸೀಳಿದ ಗೊರಸಿನ ಎರಡು ಭಾಗಗಳು ನಮ್ಮ ಮಧ್ಯದ ಬೆರಳು ಮತ್ತು ಉಂಗುರದ ಬೆರಳುಗಳಿಗೆ ಸಮ. ಗೊರಸಿನ ಹಿಂದೆ ನೆಲಕ್ಕೆ ತಾಗದೆ ನಿಂತಿರುವ ಎರಡು ಸಣ್ಣ ಗೊರಸುಗಳು ಇನ್ನೆರಡು ಬೆರಳುಗಳ ಉಳಿಕೆಗಳು. ಎತ್ತಿಗೆ ಹೆಬ್ಬೆರಳಿಲ್ಲ.

ಕುದುರೆ ಒಂದೇ ಬೆರಳಿನ ಮೇಲೆ ನಿಲ್ಲುತ್ತದೆ. ಕೋಳಿಯ ರೆಕ್ಕೆಯೊಳಗೆ ಮೂರು ಬೆರಳುಗಳ ಮೂಳೆಗಳಿವೆ. ಬಾವಲಿಯ ರೆಕ್ಕೆಯೆಂದರೆ ನೀಳವಾಗಿ ಬೆಳೆದ ಬೆರಳುಗಳ ನಡುವೆ ಹರಡಿದ ಚರ್ಮವಷ್ಟೆ. ಅಯ್ಯನಕೆರೆಯ ದಡದಲ್ಲಿ ಕುಳಿತ ಕಪ್ಪೆಗೆ ಮುಂಗಾಲಿನಲ್ಲಿ ನಾಲ್ಕು, ಹಿಂಗಾಲಿನಲ್ಲಿ ಐದು ಬೆರಳುಗಳು. ಬೆನ್ನುಮೂಳೆಯುಳ್ಳ ಈ ಪ್ರಾಣಿಗಳೆಲ್ಲಕ್ಕೂ ನಕ್ಷೆ ಒಂದೇ: ಮೇಲೆ ಒಂದು ಮೂಳೆ, ಅದರ ಕೆಳಗೆ ಎರಡು ಮೂಳೆ, ಬಳಿಕ ಹಲವು ಸಣ್ಣ ಮೂಳೆಗಳು, ಕೊನೆಯಲ್ಲಿ ಬೆರಳುಗಳು. ನಿಮ್ಮ ತೋಳನ್ನು ಮುಟ್ಟಿ ನೋಡಿಕೊಂಡರೆ ಈ ಕ್ರಮ ತಿಳಿಯುವುದು.

2. ವಂಶವಾಹಿಗಳೆಂದರೇನು?

ಈ ನಕ್ಷೆಯನ್ನು ಕಾಪಾಡಿಕೊಂಡು ಬಂದಿರುವುವು ವಂಶವಾಹಿಗಳು. ಇವನ್ನು ಜೀನುಗಳೆಂದೂ ಕರೆಯುತ್ತಾರೆ. ಮನುಷ್ಯನ ಜೀವಕೋಶದಲ್ಲಿ 46 ವರ್ಣತಂತುಗಳಿವೆ. ಇವುಗಳಲ್ಲಿ 23 ತಾಯಿಯಿಂದ, 23 ತಂದೆಯಿಂದ ಬಂದುವು. ಈ ವರ್ಣತಂತುಗಳ ಮೇಲೆ ಸುಮಾರು 20,000 ವಂಶವಾಹಿಗಳು ಸಾಲಾಗಿ ಇರುತ್ತವೆ. ಪ್ರತಿಯೊಂದು ವಂಶವಾಹಿಯೂ ಜೀವಕೋಶಕ್ಕೆ ಒಂದು ಕೆಲಸವನ್ನು ತಿಳಿಸುವ ಸೂಚನೆಯಿದ್ದಂತೆ. ಎಲ್ಲ ಜೀವಕೋಶಗಳಲ್ಲಿಯೂ ಎಲ್ಲ ಸೂಚನೆಗಳೂ ಇರುತ್ತವೆ. ಆದರೆ ಯಾವ ಸೂಚನೆಯನ್ನು ಯಾವ ಜಾಗದಲ್ಲಿ, ಯಾವ ದಿನ ಓದಬೇಕೆಂಬುದು ಗೊತ್ತುಪಡಿಸಲ್ಪಟ್ಟಿದೆ. ಒಂದೇ ಕಾಲುವೆಯ ನೀರನ್ನು ರೈತನು ಒಂದು ಮಡಿಗೆ ಬಿಟ್ಟು ಇನ್ನೊಂದಕ್ಕೆ ಕಟ್ಟುವಂತೆ, ಸೂಚನೆಗಳು ಒಂದೆಡೆ ತೆರೆದು ಇನ್ನೊಂದೆಡೆ ಮುಚ್ಚಿಕೊಳ್ಳುತ್ತವೆ.

3. ಕೈಕಾಲುಗಳು ಮೂಡುವ ಕ್ರಮ

ಗರ್ಭ ನಿಂತ ಸುಮಾರು 26ನೆಯ ದಿನ ಭ್ರೂಣದ ಎರಡು ಪಕ್ಕಗಳಲ್ಲಿ ತೋಳಿನ ಮೊಗ್ಗುಗಳು ಕಾಣಿಸಿಕೊಳ್ಳುತ್ತವೆ. ಆಗ ಇಡೀ ಭ್ರೂಣವು ಜೋಳದ ಕಾಳಿನಷ್ಟು, ಅಂದರೆ ಸುಮಾರು 4 ಮಿಲಿಮೀಟರು ಉದ್ದವಿರುತ್ತದೆ. ಒಂದೆರಡು ದಿನಗಳ ಬಳಿಕ ಕಾಲಿನ ಮೊಗ್ಗುಗಳು ಮೂಡುತ್ತವೆ. ಮುಂದೆ ತೋಳಿನ ಮೊಗ್ಗಿನ ತುದಿ ಚಪ್ಪಟೆಯಾಗಿ ಅಂಗೈಯ ರೂಪ ತಾಳುತ್ತದೆ. ಆರನೆಯ ವಾರದಲ್ಲಿ ಅದರಲ್ಲಿ ಬೆರಳುಗಳ ಗೆರೆಗಳು ತೋರುತ್ತವೆ. ಎಂಟನೆಯ ವಾರ ಮುಗಿಯುವ ಹೊತ್ತಿಗೆ ಬೆರಳುಗಳೆಲ್ಲ ಬಿಡಿಬಿಡಿಯಾಗಿರುತ್ತವೆ.

ಈ ಲೆಕ್ಕವನ್ನು ಗಮನವಿಟ್ಟು ನೋಡಿರಿ. ಮುಟ್ಟು ತಪ್ಪಿದ ಎರಡು ವಾರಗಳಲ್ಲಿಯೇ ಕೈಕಾಲುಗಳು ಮೊಳೆತಿರುತ್ತವೆ. ಆರು ವಾರ ಕಳೆಯುವುದರೊಳಗೆ ಅವುಗಳ ರೂಪ ಬಹುಮಟ್ಟಿಗೆ ಮುಗಿದಿರುತ್ತದೆ. ಎಷ್ಟೋ ಮನೆಗಳಲ್ಲಿ ಗರ್ಭಿಣಿಯ ಹೆಸರನ್ನು ನೋಂದಾಯಿಸುವುದೇ ಇದಾದ ಮೇಲೆ. ಆದುದರಿಂದ ಎಚ್ಚರಿಕೆಯು ಗರ್ಭಧಾರಣೆಗೆ ಮೊದಲೇ ಆರಂಭವಾಗಬೇಕು.

4. ತೋಳು ತೋಳೇ ಏಕೆ, ಕಾಲು ಕಾಲೇ ಏಕೆ?

ಮೊಗ್ಗುಗಳು ಹುಟ್ಟುವಾಗ ನೋಡಲು ಒಂದೇ ಬಗೆ. ಆದರೆ ತೋಳಿನ ಮೊಗ್ಗಿನಲ್ಲಿ ಟಿಬಿಎಕ್ಸ್-5 ಎಂಬ ವಂಶವಾಹಿಯೂ, ಕಾಲಿನ ಮೊಗ್ಗಿನಲ್ಲಿ ಪಿಟ್‌ಎಕ್ಸ್-1 ಮತ್ತು ಟಿಬಿಎಕ್ಸ್-4 ಎಂಬುವೂ ಕೆಲಸ ಮಾಡುತ್ತವೆ. ಕೋಳಿಮರಿಯ ಭ್ರೂಣದಲ್ಲಿ ರೆಕ್ಕೆಯಾಗಬೇಕಾದ ಮೊಗ್ಗಿಗೆ ಪಿಟ್‌ಎಕ್ಸ್-1 ಅನ್ನು ಸೇರಿಸಿ ವಿಜ್ಞಾನಿಗಳು 1999ರಲ್ಲಿ ಪರೀಕ್ಷಿಸಿದಾಗ, ಆ ರೆಕ್ಕೆಯು ಕಾಲಿನ ಲಕ್ಷಣಗಳನ್ನು ತಾಳಿತು.

ಮೊಗ್ಗು ಮೂರು ದಿಕ್ಕುಗಳಲ್ಲಿ ರೂಪುಗೊಳ್ಳಬೇಕು. ಮೊದಲನೆಯದು ಭುಜದಿಂದ ಬೆರಳಿನ ಕಡೆಗೆ. ಮೊಗ್ಗಿನ ತುದಿಯಲ್ಲಿ ಬದುವಿನಂತಹ ಒಂದು ಏಣು ಇದ್ದು, ಬೆಳವಣಿಗೆಯನ್ನು ಅದು ಮುಂದಕ್ಕೆ ನಡೆಸುತ್ತದೆ. ಕೋಳಿಯ ಭ್ರೂಣದಲ್ಲಿ ಈ ಏಣನ್ನು ತೆಗೆದರೆ ರೆಕ್ಕೆ ಮೊಟಕಾಗುವುದೆಂದು ಅಮೆರಿಕದ ಜಾನ್ ಸಾಂಡರ್ಸ್ 1948ರಲ್ಲಿ ತೋರಿಸಿದರು. ಬೇಗ ತೆಗೆದರೆ ಮೇಲಿನ ಮೂಳೆ ಮಾತ್ರ ಉಳಿಯಿತು. ತಡವಾಗಿ ತೆಗೆದರೆ ಬೆರಳುಗಳು ಮಾತ್ರ ತಪ್ಪಿದುವು. ಯಾವ ಭಾಗ ಮೇಲ್ತೋಳು, ಯಾವುದು ಮುಂದೋಳು, ಯಾವುದು ಹಸ್ತ ಎಂಬುದನ್ನು ಹಾಕ್ಸ್ ಎಂಬ ಗುಂಪಿನ ವಂಶವಾಹಿಗಳು ಗುರುತಿಸುತ್ತವೆ. ಈ ಗುಂಪಿನ 11ನೆಯ ಸಂಖ್ಯೆಯ ಎರಡು ವಂಶವಾಹಿಗಳನ್ನು ಇಲಿಯಲ್ಲಿ ನಿಷ್ಕ್ರಿಯಗೊಳಿಸಿದಾಗ ಮುಂದೋಳಿನ ಮೂಳೆಗಳು ಬಹುಮಟ್ಟಿಗೆ ಬೆಳೆಯಲೇ ಇಲ್ಲ. ಹಸ್ತವು ಮೇಲ್ತೋಳಿಗೆ ಸಮೀಪದಲ್ಲಿಯೇ ಇತ್ತು.

ಎರಡನೆಯದು ಹೆಬ್ಬೆರಳಿನಿಂದ ಕಿರುಬೆರಳಿನ ಕಡೆಗೆ. ಕಿರುಬೆರಳಾಗುವ ಅಂಚಿನ ಜೀವಕೋಶಗಳು ಸೋನಿಕ್ ಹೆಡ್ಜ್‌ಹಾಗ್ ಎಂಬ ಪದಾರ್ಥವನ್ನು ಸ್ರವಿಸುತ್ತವೆ. ಅದು ಹೆಚ್ಚು ಪ್ರಮಾಣದಲ್ಲಿ, ಹೆಚ್ಚು ಕಾಲ ದೊರೆತೆಡೆ ಕಿರುಬೆರಳೂ ಕಡಿಮೆ ದೊರೆತೆಡೆ ತೋರುಬೆರಳೂ ಆಗುತ್ತವೆ. ಈ ಅಂಚಿನ ಜೀವಕೋಶಗಳನ್ನು ಎದುರು ಅಂಚಿನಲ್ಲಿಯೂ ನೆಟ್ಟಾಗ ಕನ್ನಡಿಯ ಪ್ರತಿಬಿಂಬದಂತೆ ಬೆರಳುಗಳು ಎರಡು ಸಾಲಾಗಿ ಮೂಡಿದುದು 1968ರಲ್ಲಿ ವರದಿಯಾಯಿತು. ಮೂರನೆಯದು ಅಂಗೈಯಿಂದ ಹಿಂಗೈಯ ಕಡೆಗೆ; ಉಗುರು ಮೇಲ್ಭಾಗದಲ್ಲಿಯೇ ಬರುವುದು ಇದರಿಂದ.

ಕೊನೆಗೆ ಬೆರಳುಗಳ ನಡುವಣ ಪೊರೆಯ ಜೀವಕೋಶಗಳು ತಾವಾಗಿಯೇ ಅಳಿದು ಬೆರಳುಗಳು ಬಿಡಿಯಾಗುತ್ತವೆ. ಬಾತುಕೋಳಿಯ ಕಾಲಿನಲ್ಲಿ ಈ ಅಳಿವನ್ನು ತಡೆಯುವ ಸೂಚನೆ ಇರುವುದರಿಂದ ಅದರ ಬೆರಳುಗಳ ನಡುವೆ ಪೊರೆ ಉಳಿದಿದೆ.

5. ಕ್ರಮ ತಪ್ಪುವುದಕ್ಕೆ ಕಾರಣಗಳು

(ಅ) ವಂಶವಾಹಿಯ ಬದಲಾವಣೆ: ಸೋನಿಕ್ ಹೆಡ್ಜ್‌ಹಾಗ್‌ನ ಹತೋಟಿ ತಪ್ಪಿದರೆ ಹೆಚ್ಚಿನ ಬೆರಳು ಬರಬಹುದು. ಪೊರೆ ಅಳಿಯದಿದ್ದರೆ ಬೆರಳುಗಳು ಕೂಡಿಕೊಂಡಿರುತ್ತವೆ. ಟಿಬಿಎಕ್ಸ್-5ರಲ್ಲಿ ದೋಷವಿದ್ದರೆ ಹೆಬ್ಬೆರಳು ಅಥವಾ ಮುಂದೋಳಿನ ಜೊತೆಗೆ ಹೃದಯಕ್ಕೂ ತೊಂದರೆಯಾಗುತ್ತದೆ, ಏಕೆಂದರೆ ಅದೇ ವಂಶವಾಹಿ ಹೃದಯವನ್ನು ರೂಪಿಸುವಲ್ಲಿಯೂ ಕೆಲಸ ಮಾಡುತ್ತದೆ. ಪಾದ ತಿರುಚಿದ ಮಕ್ಕಳಿದ್ದ ಒಂದು ಕುಟುಂಬದಲ್ಲಿ ಪಿಟ್‌ಎಕ್ಸ್-1ರ ಬದಲಾವಣೆ ಕಂಡುಬಂದುದು 2008ರಲ್ಲಿ ಪ್ರಕಟವಾಯಿತು.

ನಮ್ಮ ಮಲೆನಾಡಿನಲ್ಲಿಯೇ ಒಂದು ನಿದರ್ಶನವಿದೆ. ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ 1970ರ ದಶಕದಲ್ಲಿ ಸೊಂಟ ಮತ್ತು ಕೀಲುಗಳು ಸವೆದು ಜನರು ನಡೆಯಲಾರದಂತಾಗುವ ಕಾಯಿಲೆ ಬೆಳಕಿಗೆ ಬಂದಿತು. ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಬೇರೆ ಗ್ರಾಮಗಳಲ್ಲಿಯೂ ಅದು ಕಂಡುಬಂದಿತು. ಗದ್ದೆಯ ಏಡಿ, ಕೀಟನಾಶಕಗಳ ಮೇಲೆ ಮೊದಲು ಸಂಶಯವಿತ್ತು. ಕುಟುಂಬಗಳ ವಂಶಾವಳಿಯನ್ನು ಪರಿಶೀಲಿಸಿದಾಗ ಅದು ತಲೆಮಾರಿನಿಂದ ತಲೆಮಾರಿಗೆ ಇಳಿದುಬರುವುದೆಂದು ತಿಳಿಯಿತು. ಇಲ್ಲಿ ಕೈಕಾಲುಗಳು ಮೂಡುವಲ್ಲಿ ತಪ್ಪಾಗಿರುವುದಿಲ್ಲ. ಮೂಡಿದ ಮೂಳೆಗಳ ಬೆಳವಣಿಗೆಯಲ್ಲಿ ದೋಷವಿರುತ್ತದೆ. ಅದು ಅಂಟುರೋಗವಲ್ಲ, ಶಾಪವೂ ಅಲ್ಲ.

(ಆ) ಔಷಧಗಳು: ಥಾಲಿಡೊಮೈಡ್ ಎಂಬ ಗುಳಿಗೆಯು 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರಾಟಕ್ಕೆ ಬಂದಿತು. ನಿದ್ರೆಗೂ ಬಸುರಿಯರ ವಾಕರಿಕೆಗೂ ಅದನ್ನು ಕೊಡುತ್ತಿದ್ದರು. 1961ರ ಕೊನೆಯಲ್ಲಿ ಅದನ್ನು ಅಲ್ಲಿ ಹಿಂತೆಗೆಯುವ ಹೊತ್ತಿಗೆ ಬಹಳ ಹಾನಿಯಾಗಿತ್ತು. ಹಲವು ದೇಶಗಳಲ್ಲಿ ಸುಮಾರು 10,000 ಶಿಶುಗಳು ಮೊಟಕಾದ ಕೈಕಾಲುಗಳೇ ಮೊದಲಾದ ದೋಷಗಳೊಡನೆ ಜನಿಸಿದುವು. ತಾಯಂದಿರಲ್ಲಿ ಕೆಲವರು ನುಂಗಿದುದು ಒಂದೆರಡು ಗುಳಿಗೆ ಮಾತ್ರ. ಆದರೆ ಅದು ಮೊಗ್ಗುಗಳು ಮೂಡುವ ದಿನಗಳಲ್ಲಿ. ಕುಷ್ಠರೋಗದ ಕೆಲವು ತೊಡಕುಗಳಿಗೂ ಒಂದು ಬಗೆಯ ರಕ್ತದ ಕ್ಯಾನ್ಸರಿಗೂ ಈ ಔಷಧ ಇಂದಿಗೂ ಬಳಕೆಯಲ್ಲಿದೆ. ಗರ್ಭಿಣಿಯು ಅದನ್ನು ಎಂದಿಗೂ ಸೇವಿಸಬಾರದು.

ಔಷಧದ ಅಂಗಡಿಯಿಂದ ಗುಟ್ಟಾಗಿ ಗುಳಿಗೆ ತಂದು ಗರ್ಭವನ್ನು ಇಳಿಸಲು ಯತ್ನಿಸುವುದು ಮತ್ತೊಂದು ಅಪಾಯ. ಗರ್ಭ ಇಳಿಯದೆ ಮುಂದುವರಿದರೆ ಶಿಶುವಿನ ಕೈಕಾಲುಗಳಿಗೆ ಹಾನಿಯಾಗಬಹುದು; ತಾಯಿಗೆ ರಕ್ತಸ್ರಾವದ ಭಯವೂ ಇದೆ. ಬೇಡವಾದ ಗರ್ಭಕ್ಕೆ ಕಾನೂನುಬದ್ಧ ಸೇವೆ ಆಸ್ಪತ್ರೆಯಲ್ಲಿ ದೊರೆಯುತ್ತದೆ, ಅಲ್ಲಿಗೇ ಹೋಗಿರಿ.

(ಇ) ಇತರ ಕಾರಣಗಳು: ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಮದ್ಯಪಾನ, ಧೂಮಪಾನಗಳೂ ಶಿಶುವಿಗೆ ಹಾನಿಕರ. ಎಷ್ಟೋ ಸಂದರ್ಭಗಳಲ್ಲಿ ತಂದೆತಾಯಿಗಳು ಮಾಡಿದ ಯಾವ ತಪ್ಪೂ ಇಲ್ಲದೆಯೇ ದೋಷ ಉಂಟಾಗುವುದು.

6. ರಕ್ತಸಂಬಂಧದ ವಿವಾಹ

ಕೆಲವು ದೋಷಗಳಿಗೆ ತಂದೆ ಅಥವಾ ತಾಯಿ ಒಬ್ಬರಿಂದ ಬಂದ ಬದಲಾವಣೆಯೇ ಸಾಕು. ಹಂದಿಗೋಡು ಕಾಯಿಲೆ ಈ ಬಗೆಯದು. ಇಂತಹ ಸಂದರ್ಭದಲ್ಲಿ ಪ್ರತಿಯೊಂದು ಮಗುವಿಗೂ ದೋಷ ಬರುವ ಸಂಭವ ಎರಡರಲ್ಲಿ ಒಂದು. ಇನ್ನು ಕೆಲವು ದೋಷಗಳು ಇಬ್ಬರಲ್ಲಿಯೂ ಅದೇ ಬದಲಾವಣೆ ಅಡಗಿದ್ದಾಗ ಮಾತ್ರ ತಲೆಯೆತ್ತುತ್ತವೆ. ಆಗ ಪ್ರತಿ ಮಗುವಿಗೂ ಸಂಭವ ನಾಲ್ಕರಲ್ಲಿ ಒಂದು. ಅಡಗಿದ ಬದಲಾವಣೆ ಹೆಚ್ಚುಕಡಿಮೆ ಎಲ್ಲರಲ್ಲಿಯೂ ಒಂದಲ್ಲ ಒಂದು ಇರುವುದು. ಆದರೆ ಅದೇ ಬದಲಾವಣೆ ಪತಿಪತ್ನಿಯರಿಬ್ಬರಲ್ಲಿಯೂ ಇರುವ ಸಂಭವವು ಹತ್ತಿರದ ಸಂಬಂಧಿಗಳಲ್ಲಿ ಹೆಚ್ಚು. ಸೋದರಮಾವ ಮತ್ತು ಅಕ್ಕನ ಮಗಳಲ್ಲಿ ನಾಲ್ಕನೆಯ ಒಂದು ಭಾಗ ವಂಶವಾಹಿಗಳು ಸಮಾನ. ಅತ್ತೆ-ಮಾವಂದಿರ ಮಕ್ಕಳಲ್ಲಿ ಎಂಟನೆಯ ಒಂದು ಭಾಗ ಸಮಾನ. 1980ರ ದಶಕದಲ್ಲಿ ಕರ್ನಾಟಕದಲ್ಲಿ ನವಜಾತ ಶಿಶುಗಳ ದೊಡ್ಡ ಪರಿಶೀಲನೆ ನಡೆದಾಗ, ಸುಮಾರು ಮೂರರಲ್ಲಿ ಒಂದು ಶಿಶು ರಕ್ತಸಂಬಂಧದ ದಂಪತಿಗಳದೆಂದು ಕಂಡುಬಂದಿತು.

ಇಂತಹ ವಿವಾಹವಾಗಿರುವ ದಂಪತಿಗಳು ಹೆದರಬೇಕಾಗಿಲ್ಲ. ಅವರಲ್ಲಿ ಬಹುಪಾಲಿನವರ ಮಕ್ಕಳು ಆರೋಗ್ಯವಾಗಿಯೇ ಇರುತ್ತಾರೆ. ಆದರೆ ಮನೆತನದಲ್ಲಿ ಹುಟ್ಟುದೋಷವಿದ್ದರೆ ಗರ್ಭಧಾರಣೆಗೆ ಮೊದಲು ವೈದ್ಯರ ಸಲಹೆ ಪಡೆಯಿರಿ. ಮುಂದಿನ ಪೀಳಿಗೆಯ ಸಂಬಂಧಗಳನ್ನು ಹೊರಗಿನಿಂದ ತರುವುದು ಲೇಸು.

7. ತಪ್ಪು ನಂಬಿಕೆಗಳು

ಗ್ರಹಣ ಕಾಲದಲ್ಲಿ ಬಸುರಿ ಹೆಂಗಸು ತರಕಾರಿ ಹೆಚ್ಚಿದರೆ ಶಿಶುವಿನ ಬೆರಳು ತುಂಡಾಗುವುದೆಂದು ಹೇಳುವರು. ಬೆರಳುಗಳು ಎರಡು ತಿಂಗಳೊಳಗೇ ರೂಪುಗೊಂಡಿರುವುವು. ಆಕಾಶದ ನೆರಳಿಗೂ ಈಳಿಗೆಮಣೆಗೂ ಅವುಗಳಿಗೂ ಸಂಬಂಧವಿಲ್ಲ. ಗ್ರಹಣವೆಂದು ಗರ್ಭಿಣಿಯನ್ನು ಉಪವಾಸ ಕೆಡವುವುದೇ ಹಾನಿಕರ. ದೋಷಕ್ಕೆಲ್ಲ ತಾಯಿಯೇ ಕಾರಣಳೆಂಬುದೂ ಸುಳ್ಳು. ಶಿಶುವಿನ ವಂಶವಾಹಿಗಳಲ್ಲಿ ಅರ್ಧ ತಂದೆಯವು. ಇಬ್ಬರಲ್ಲಿಯೂ ಇಲ್ಲದ ಬದಲಾವಣೆಯು ಶಿಶುವಿನಲ್ಲಿ ಹೊಸದಾಗಿ ತಲೆದೋರುವುದೂ ಉಂಟು. ಆದುದರಿಂದ ಸೊಸೆಯನ್ನು ದೂರುವುದಾಗಲಿ, ತವರಿಗೆ ಕಳುಹಿಸುವುದಾಗಲಿ ಅನ್ಯಾಯ.

8. ದಂಪತಿಗಳು ಮಾಡಬೇಕಾದುದು

(1) ಮಗು ಬೇಕೆಂದು ನಿರ್ಧರಿಸಿದಾಗಲೇ ವೈದ್ಯರನ್ನು ಕಂಡು ಫೋಲಿಕ್ ಆಮ್ಲದ ಗುಳಿಗೆಯನ್ನು ಆರಂಭಿಸಿರಿ. ಮಿದುಳು-ಬೆನ್ನುಹುರಿಯ ನಾಳವು ನಾಲ್ಕು ವಾರಗಳೊಳಗೆ ಮುಚ್ಚಿಕೊಳ್ಳಬೇಕು. ಅದು ಸರಿಯಾಗಿ ಮುಚ್ಚದಿದ್ದರೆ, ಕಾಲುಗಳು ಸರಿಯಾಗಿ ಮೂಡಿದ್ದರೂ ಬಲಹೀನವಾಗುವುವು. ಈ ದೋಷದ ಸಂಭವವನ್ನು ಗುಳಿಗೆಯು ತಗ್ಗಿಸುತ್ತದೆ.

(2) ಮುಟ್ಟು ತಪ್ಪಿದೊಡನೆ ಆಶಾ ಕಾರ್ಯಕರ್ತೆಗೆ ತಿಳಿಸಿ ತಾಯಿ ಕಾರ್ಡ್ ಮಾಡಿಸಿರಿ.

(3) ವೈದ್ಯರನ್ನು ಕೇಳದೆ ಯಾವ ಗುಳಿಗೆಯನ್ನೂ, ನಾಟಿ ಔಷಧವನ್ನೂ ಸೇವಿಸಬೇಡಿರಿ. ಮೂರ್ಛೆರೋಗ, ಸಕ್ಕರೆ ಕಾಯಿಲೆಗಳಿಗೆ ಔಷಧ ಸೇವಿಸುತ್ತಿರುವವರು ತಾವಾಗಿಯೇ ನಿಲ್ಲಿಸಲೂ ಬಾರದು. ಗರ್ಭಧಾರಣೆಗೆ ಮೊದಲೇ ವೈದ್ಯರನ್ನು ಕಂಡು ಬದಲಿಸಿಕೊಳ್ಳಬೇಕು.

(4) ಸುಮಾರು 18ರಿಂದ 20ನೆಯ ವಾರದಲ್ಲಿ ವೈದ್ಯರು ಸೂಚಿಸುವ ಸ್ಕ್ಯಾನಿಂಗ್ ಮಾಡಿಸಿರಿ. ಶಿಶುವಿನ ಅಂಗಾಂಗಗಳನ್ನು ನೋಡಲು ಅದು ಸಹಾಯಕ. ಅದರಿಂದ ಲಿಂಗವನ್ನು ತಿಳಿಯುವುದೂ ತಿಳಿಸುವುದೂ 1994ರ ಕಾಯಿದೆಯಂತೆ ಅಪರಾಧ.

9. ಶಿಶುವಿಗೆ ದೋಷವಿದ್ದರೆ

ಸಾವಿರ ಶಿಶುಗಳಲ್ಲಿ ಸುಮಾರು ಒಂದಕ್ಕೆ ಪಾದ ಒಳತಿರುಚಿರುತ್ತದೆ. ಅಮೆರಿಕದ ಅಯೋವಾದಲ್ಲಿ ವೈದ್ಯ ಇಗ್ನೇಶಿಯೊ ಪೊನ್ಸೆಟಿ ಅವರು ರೂಪಿಸಿದ ವಿಧಾನದಲ್ಲಿ ವಾರಕ್ಕೊಮ್ಮೆ ಪಟ್ಟಿ ಬದಲಿಸುತ್ತ ಪಾದವನ್ನು ಮೆಲ್ಲನೆ ತಿರುಗಿಸುತ್ತಾರೆ. ಸಾಮಾನ್ಯವಾಗಿ ಐದಾರು ಪಟ್ಟಿಗಳ ಬಳಿಕ, ಹಲವು ಮಕ್ಕಳಿಗೆ ಹಿಮ್ಮಡಿಯ ನರದಂತಹ ಕಂಡರವನ್ನು ಸ್ವಲ್ಪ ಕತ್ತರಿಸಬೇಕಾಗುವುದು. ಅನಂತರ ಸುಮಾರು ನಾಲ್ಕು ವರ್ಷ ವಯಸ್ಸಿನವರೆಗೆ ವೈದ್ಯರು ಹೇಳಿದಂತೆ ವಿಶೇಷ ಪಾದರಕ್ಷೆ ತೊಡಿಸಬೇಕು. ಇದನ್ನು ನಡುವೆ ಬಿಟ್ಟರೆ ಪಾದ ಮತ್ತೆ ತಿರುಗುವುದು. ಜನಿಸಿದ ಮೊದಲ ವಾರಗಳಲ್ಲಿಯೇ ಆರಂಭಿಸಿದರೆ ಮಗು ಎಲ್ಲರಂತೆ ನಡೆಯಬಲ್ಲದು.

ಆರನೆಯ ಬೆರಳನ್ನು ದಾರದಿಂದ ಬಿಗಿದು ಕಟ್ಟಬೇಡಿರಿ, ಅದರಿಂದ ನಂಜಾಗಬಹುದು. ಹೆಬ್ಬೆರಳು ಇಲ್ಲದ ಅಥವಾ ದೋಷವಿರುವ ಮಗುವಿನ ಹೃದಯವನ್ನೂ ಪರೀಕ್ಷೆ ಮಾಡಿಸಿರಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ಹುಟ್ಟುದೋಷಗಳನ್ನು ಗುರುತಿಸಿ ಉಚಿತ ಚಿಕಿತ್ಸೆಗೆ ಕಳುಹಿಸಲಾಗುತ್ತದೆ. ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರ, ಅಂಗನವಾಡಿ ಅಥವಾ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿರಿ. ನಾಚಿಕೆಯಿಂದ ಮಗುವನ್ನು ಮರೆಮಾಡಿದರೆ ಚಿಕಿತ್ಸೆಗೆ ಅನುಕೂಲವಾದ ಕಾಲ ಕಳೆದುಹೋಗುವುದು.

ಪ್ರಶ್ನೆಗಳು

1. ಎತ್ತಿನ ಮುಂಗಾಲಿನ ಮಂಡಿಯು ನಮ್ಮ ಯಾವ ಕೀಲಿಗೆ ಸಮನಾದುದು?
2. ಶಿಶುವಿನ ಕೈಕಾಲುಗಳು ಎಷ್ಟು ವಾರಗಳೊಳಗೆ ರೂಪುಗೊಳ್ಳುತ್ತವೆ? ಆ ವೇಳೆಗೆ ನೀವು ವಹಿಸಬೇಕಾದ ಎಚ್ಚರಿಕೆಗಳಾವುವು?
3. ಹುಟ್ಟುದೋಷಕ್ಕೆ ತಾಯಿಯನ್ನು ದೂರುವುದು ಏಕೆ ತಪ್ಪು?
4. ಪಾದ ತಿರುಚಿದ ಮಗುವನ್ನು ಯಾವಾಗ, ಎಲ್ಲಿಗೆ ಕರೆದೊಯ್ಯಬೇಕು?

ಈ ಪ್ರಶ್ನೆಗಳಿಗೆ ಪತಿಪತ್ನಿಯರಿಬ್ಬರೂ ಕೂಡಿ ಉತ್ತರ ಹೇಳಿಕೊಳ್ಳಿರಿ. ಮನೆಯ ಹಿರಿಯರಿಗೂ ಈ ಪಾಠವನ್ನು ಓದಿ ಹೇಳಿರಿ.