ತಂತ್ರಾಂಶಕ್ಕೆ ಟೆಸ್ಟ್ ಬರೆಯುವವರಿಗೆ ಒಂದು ಕಿವಿಮಾತು

"ನನ್ನ ಲ್ಯಾಪ್‌ಟಾಪಿನಲ್ಲಿ ಪಾಸಾಗಿತ್ತು, ಸರ್ವರ್ರೇ ಸರಿಯಿಲ್ಲ" ಎಂದು ದೂರುವ ಚಾಳಿ ಮೊದಲು ಬಿಡಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ವಿಂಡೋಸ್‌ನಲ್ಲಿ ಪಾಸಾದ ಟೆಸ್ಟು ಲಿನಕ್ಸ್‌ನಲ್ಲಿ ಫೇಲಾದರೆ, ನಿಮ್ಮ ಯಂತ್ರದಲ್ಲಿರುವ ಯಾವುದನ್ನೋ ಅದು ನೆಚ್ಚಿಕೊಂಡಿರಬಹುದು. ಅದೇನೆಂದು ಹುಡುಕಿ.

ಮೊದಲು ಗಡಿಯಾರ ನೋಡಿ. ಹೆದ್ದಾರಿ 48ರ ಕೊಗನೊಳ್ಳಿ ಟೋಲ್ ನಾಕಾಕ್ಕೆ ರಸೀದಿ ತಂತ್ರಾಂಶ ಬರೆಯುತ್ತಿದ್ದೀರಿ ಎಂದುಕೊಳ್ಳಿ. ನಸುಕಿನ 3 ಗಂಟೆಗೆ ಲಾರಿ ದಾಟಿತು. ನಮ್ಮ ಸಮಯ ಯುಟಿಸಿಗಿಂತ ಐದೂವರೆ ತಾಸು ಮುಂದೆ. ಯುಟಿಸಿಗೆ ಹೊಂದಿಸಿದ ಸರ್ವರಿನಲ್ಲಿ ಆಗಿನ್ನೂ ಹಿಂದಿನ ದಿನದ ರಾತ್ರಿ 9:30. ರಸೀದಿಯ ತಾರೀಖೇ ತಪ್ಪಿತಲ್ಲ! ಟೆಸ್ಟಿನೊಳಗೆ ಯಂತ್ರದ ಗಡಿಯಾರ ಕೇಳಬೇಡಿ. ತಾರೀಖು, ಗಂಟೆ, ಟೈಮ್‌ಝೋನ್ ಮೂರನ್ನೂ ನೀವೇ ಕೊಡಿ.

ಆಮೇಲೆ ಅಕ್ಷರ. ‘ಕೊಗನೊಳ್ಳಿ’ಯಲ್ಲಿ ಒತ್ವ ಎರಡು ಸಲ ಬರುತ್ತದೆ. ಯೂನಿಕೋಡಿನಲ್ಲಿ ಒತ್ವಕ್ಕೆ ಒಂದೇ ಸಂಕೇತವೂ ಉಂಟು, ಎತ್ವ ಮತ್ತು ಊತ್ವ ಸೇರಿಸಿ ಎರಡು ಸಂಕೇತವಾಗಿಯೂ ಬರೆಯಬಹುದು. ಹೀಗಾಗಿ ಅದೇ ಊರ ಹೆಸರು ಒಂದು ಕಡೆ 9 ಸಂಕೇತ, ಇನ್ನೊಂದು ಕಡೆ 11. ಕಣ್ಣಿಗೆ ಒಂದೇ ಕಂಡರೂ ಕಂಪ್ಯೂಟರಿಗೆ ಬೇರೆ ಬೇರೆ. ಹೋಲಿಸುವ ಮುನ್ನ ಎರಡನ್ನೂ ಯೂನಿಕೋಡಿನ ಎನ್‌ಎಫ್‌ಸಿ ಎಂಬ ಒಂದೇ ರೂಪಕ್ಕೆ ತನ್ನಿ. ಫೈಲು ತೆರೆಯುವಾಗ ಯುಟಿಎಫ್-8 ಎಂದು ಬಾಯಿಬಿಟ್ಟು ಹೇಳಿ.

ಫೈಲಿನ ಹೆಸರಲ್ಲೂ ಅಸಡ್ಡೆ ಬೇಡ. ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರದ ಭೇದವನ್ನು ವಿಂಡೋಸ್ ಸಾಮಾನ್ಯವಾಗಿ ಎಣಿಸುವುದಿಲ್ಲ, ಲಿನಕ್ಸ್ ಬಿಡುವುದಿಲ್ಲ. ‘ಸಿ’ ಡ್ರೈವಿನ ವಿಳಾಸವನ್ನಂತೂ ಕೋಡಿನಲ್ಲಿ ಬರೆದಿಡಲೇಬೇಡಿ.

"ಐದು ಸೆಕೆಂಡು ಕಾಯಿ" ಎಂದು ಅಲ್ಲಲ್ಲಿ ಸ್ಲೀಪ್ ತುರುಕುತ್ತೀರಲ್ಲ, ಅದೂ ಸಾಕು. ವೇಗದ ಯಂತ್ರದಲ್ಲಿ ಹೊತ್ತು ದಂಡ, ನಿಧಾನದ ಯಂತ್ರದಲ್ಲಿ ಟೆಸ್ಟೇ ಫೇಲು. ರಸೀದಿ ದಾಖಲಾಯಿತೇ ಎಂದು ಆಗಾಗ ನೋಡುತ್ತ ಕಾಯಲಿ. ಎಷ್ಟು ಹೊತ್ತು ಎಂಬುದಕ್ಕೆ ಒಂದು ಮಿತಿ ಇರಲಿ.

ಪ್ರತಿ ಟೆಸ್ಟೂ ತನಗೆ ಬೇಕಾದ ದತ್ತಾಂಶವನ್ನು ತಾನೇ ಸಿದ್ಧಮಾಡಿಕೊಂಡು, ಕೊನೆಗೆ ತಾನೇ ಅಳಿಸಲಿ. ಯಾವ ಕ್ರಮದಲ್ಲಿ ಓಡಿಸಿದರೂ ಉತ್ತರ ಒಂದೇ ಬರಬೇಕು. ಲೈಬ್ರರಿಗಳ ಆವೃತ್ತಿ ಗಟ್ಟಿ ಮಾಡಿ. ಪ್ರತಿ ಬದಲಾವಣೆಯ ನಂತರ ವಿಂಡೋಸ್, ಲಿನಕ್ಸ್ ಎರಡರಲ್ಲೂ ಟೆಸ್ಟುಗಳು ತಾವಾಗಿ ಓಡುವ ವ್ಯವಸ್ಥೆ ಮಾಡಿ.

ಒಮ್ಮೆ ಪಾಸು, ಒಮ್ಮೆ ಫೇಲು ಆಗುವ ಟೆಸ್ಟನ್ನು ಹಸಿರಾಗುವ ತನಕ ಓಡಿಸಿ ಸುಮ್ಮನಾಗಬೇಡಿ. "ತೋಳ ಬಂತು ತೋಳ" ಕತೆ ಗೊತ್ತಲ್ಲ? ನಿಜವಾದ ದೋಷ ಬಂದ ದಿನ ಆ ಟೆಸ್ಟಿನ ಮಾತನ್ನು ಯಾರೂ ನಂಬುವುದಿಲ್ಲ. ಕಾರಣ ಸಿಗುವವರೆಗೆ ಅದನ್ನು ಬೇರೆ ಪಟ್ಟಿಯಲ್ಲಿಡಿ, ಆದರೆ ಮರೆಯಬೇಡಿ.

ಇವತ್ತು ಮನೆಗೆ ಹೊರಡುವ ಮುನ್ನ ಟೆಸ್ಟ್ ಯಂತ್ರದ ಟೈಮ್‌ಝೋನ್ ಬದಲಿಸಿ ಎಲ್ಲವನ್ನೂ ಒಮ್ಮೆ ಓಡಿಸಿ ನೋಡಿ. ಫೇಲಾದವನ್ನು ಮೊದಲು ಸರಿಮಾಡಿ, ಹೊಸ ಟೆಸ್ಟು ಆಮೇಲೆ ಬರೆಯಿರಿ.