ಮೊದಲು ಎಲ್ಲಿಗೆ ಹೋದ್ರಿ?

2019ರ ಮಳೆಗಾಲ. ಬೆಳಗಿನ ಐದೂವರೆಗೆ ಅಪ್ಪಯ್ಯ ಎದ್ದು ಕೂತ. ಬನಿಯನ್ ಬೆವರಿಗೆ ತೊಯ್ದಿತ್ತು. "ಎದೆ ಉರೀತು ತಮಾ, ಗ್ಯಾಸ್ ಆಗಿಕ್ಕು" ಎಂದ. ಆಯಿ ಜೀರಿಗೆ ಕಷಾಯ ಕೊಟ್ಟಳು. ಎಂಟಕ್ಕೆ ಹತ್ತಿರದ ಕ್ಲಿನಿಕ್ಕಿಗೆ ಕರೆದೊಯ್ದೆ. ಅಲ್ಲಿ ಇಸಿಜಿ ಇರಲಿಲ್ಲ. ಗ್ಯಾಸಿನ ಇಂಜೆಕ್ಷನ್ ಕೊಟ್ಟು ಕಳಿಸಿದರು. ಹನ್ನೊಂದಕ್ಕೆ ದವಡೆ, ಎಡಗೈ ಎಲ್ಲ ಸೆಳೆಯತೊಡಗಿದಾಗ ಹೊನ್ನಾವರದಿಂದ ಮಣಿಪಾಲಕ್ಕೆ ಕಾರು ಮಾಡಿದೆವು. ಸುಮಾರು 130 ಕಿ.ಮೀ. ಭಟ್ಕಳದಲ್ಲಿ ಒಮ್ಮೆ ಆಸ್ಪತ್ರೆಗೆ ತೋರಿಸೋಣವೇ ಎಂದು ಡ್ರೈವರ್ ಕೇಳಿದ. ಹೊತ್ತು ಉಳಿಯಲಿ ಎಂದು ನಾನೇ ಬೇಡವೆಂದೆ. ಆ ಮಾತು ಇಂದಿಗೂ ಚುಚ್ಚುತ್ತದೆ.

"ನೋವು ಶುರುವಾಗಿದ್ದು ಯಾವಾಗ? ಮೊದಲು ಎಲ್ಲಿಗೆ ಹೋದ್ರಿ?" ಮಣಿಪಾಲದ ವೈದ್ಯರು ಕೇಳಿದ್ದು ಇಷ್ಟೇ. ಸ್ಟೆಂಟ್ ಹಾಕಿದರು, ಅಪ್ಪಯ್ಯ ಬದುಕಿದ. ಆದರೆ ರಕ್ತ ಸಿಗದೆ ಸತ್ತ ಹೃದಯದ ಸ್ನಾಯು ಮರಳುವುದಿಲ್ಲ. ಗುಡ್ಡದ ಬದಿಯ ಅಡಿಕೆ ತೋಟಕ್ಕೆ ಅವನು ಮತ್ತೆ ಹತ್ತಲಿಲ್ಲ.

ದೊಡ್ಡಾಸ್ಪತ್ರೆಗೆ ನೇರ ಓಡುವುದೇ ಜಾಣತನ ಎಂದುಕೊಂಡಿದ್ದೆ. ಆದರೆ ಎರಡು ತಾಸಿನೊಳಗೆ ಆಂಜಿಯೋಪ್ಲಾಸ್ಟಿ ಸಿಗದ ನಮ್ಮಂಥ ಊರಿನವರಿಗೆ, ಇಸಿಜಿಯಲ್ಲಿ ದೊಡ್ಡ ಹೃದಯಾಘಾತ ಕಂಡರೆ, ಹೆಪ್ಪು ಕರಗಿಸುವ ಚುಚ್ಚುಮದ್ದು ಮೊದಲು, ಪ್ರಯಾಣ ಆಮೇಲೆ. ಮೊದಲ ಮೂರು ತಾಸಿನಲ್ಲಿ ಅದರ ಫಲ ಹೆಚ್ಚು. ಎಲ್ಲರಿಗೂ ಅದು ಆಗದು. ರಕ್ತಸ್ರಾವದ ಅಪಾಯವುಂಟು, ವೈದ್ಯರೇ ನಿರ್ಧರಿಸಬೇಕು.

2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲಿನಲ್ಲಿ ಪಲ್ಟಿಯಾಗಿ ನಾಲ್ವರು ಸತ್ತರು. ಆಗ ನಮ್ಮ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗಿಗೆ ನಾನೂ ದನಿಗೂಡಿಸಿದೆ. ಈಗಲೂ ಬೇಕು. ಅಷ್ಟರಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ಬಂತು. ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ದೂರದ ತಜ್ಞರಿಂದ ಓದಿಸಿ, ಬೇಕಾದವರಿಗೆ ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಏರ್ಪಾಡು ಅದು.

ಕುಮಟಾದ ಚಿಕ್ಕಪ್ಪನಿಗೆ ಕಳೆದ ವರ್ಷ ರಾತ್ರಿ ಎದೆ ಬಿಗಿದಾಗ ಚಿಕ್ಕಮ್ಮ ಫೋನ್ ಮಾಡಿದಳು. ಕಷಾಯ ಬೇಡ, ನಡೆಸಬೇಡಿ, 108ಕ್ಕೆ ಕರೆ ಮಾಡಿ ಇಸಿಜಿ ಇರುವಲ್ಲಿಗೇ ಒಯ್ಯಿರಿ ಎಂದೆ. ಮುಕ್ಕಾಲು ತಾಸಿನೊಳಗೆ ಇಸಿಜಿ, ಚುಚ್ಚುಮದ್ದು ಎರಡೂ ಆದವು. ಆಮೇಲೆ ಮಣಿಪಾಲಕ್ಕೆ ಕಳಿಸಿದರು.

ಅವನೀಗ ಬೆಳಿಗ್ಗೆ ತೋಟ ಸುತ್ತುತ್ತಾನೆ. ನಮ್ಮನೆ ಕ್ಯಾಲೆಂಡರಿನ ಹಿಂದೆ ಒಂದು ಚೀಟಿ ಅಂಟಿಸಿದ್ದೇನೆ: ಹೊನ್ನಾವರ, ಕುಮಟಾ, ಭಟ್ಕಳದಲ್ಲಿ ರಾತ್ರಿಯೂ ಇಸಿಜಿ ತೆಗೆಯುವುದು ಎಲ್ಲಿ, ಆ ಚುಚ್ಚುಮದ್ದು ಇರುವುದು ಎಲ್ಲಿ. ತಿಂಗಳಿಗೊಮ್ಮೆ ಫೋನ್ ಮಾಡಿ ವಿಚಾರಿಸಿಕೊಳ್ಳುತ್ತೇನೆ.