ಹಾಯಿದೋಣಿಯಲ್ಲಿ ಮೆಸ್ಕಾಂ ನೀವೇ

ಜೆಟ್ಟಿ ಬಿಟ್ಟ ಮೇಲೆ ಕರೆಂಟು ಹೋದರೆ ಫೋನ್ ಮಾಡಿ ರೇಗಲು ಲೈನ್‌ಮನ್ ಇರುವುದಿಲ್ಲ. ಮೂವತ್ತು ಅಡಿಯ ಹಾಯಿದೋಣಿಯಲ್ಲಿ ಉತ್ಪಾದನೆ, ವಿತರಣೆ, ಬಿಲ್ಲು ಎಲ್ಲವೂ ನಿಮ್ಮ ತಲೆಗೇ. ದೋಣಿಯನ್ನು ಗಾಳಿ ಪುಕ್ಕಟೆ ಎಳೆಯುತ್ತದೆ, ಜಿಪಿಎಸ್ಸನ್ನಲ್ಲ. ಕರಾವಳಿಯುದ್ದಕ್ಕೂ ನಾಲ್ಕಾರು ದಿನ ಹಾಯಿ ಬಿಚ್ಚಿ ಹೊರಡುವವರಿಗೆ ಕೆಲವು ಸೂತ್ರಗಳು.

1. ಬ್ಯಾಟರಿ ಕೊಳ್ಳುವ ಮೊದಲು ಖರ್ಚು ಬರೆಯಿರಿ.
ಪ್ರತಿ ಉಪಕರಣ ಎಳೆಯುವ ಆಂಪಿಯರ್ ಎಷ್ಟು, ದಿನಕ್ಕೆ ಎಷ್ಟು ಗಂಟೆ ಎಂದು ನೋಡಿ ಗುಣಿಸಿ. ಹಗಲೂ ರಾತ್ರಿಯೂ ಸಾಗುವ 12 ವೋಲ್ಟಿನ ಸಾಧಾರಣ ದೋಣಿಯ ಪಟ್ಟಿ ಹೆಚ್ಚುಕಡಿಮೆ ಹೀಗಿರುತ್ತದೆ: ನಕ್ಷೆ ತೋರಿಸುವ ಚಾರ್ಟ್‌ಪ್ಲಾಟರ್ 24 ಆಂಪಿಯರ್-ಅವರ್, ಆಟೋಪೈಲಟ್ 48, ಕೇಳುತ್ತ ಕೂತ ವಿಎಚ್‌ಎಫ್ ರೇಡಿಯೊ 7, ಸುತ್ತಲಿನ ಹಡಗುಗಳನ್ನು ತೋರಿಸುವ ಎಐಎಸ್ 5, ಎಲ್‌ಇಡಿ ದೀಪಗಳು 4, ನಮ್ಮ ಸೆಖೆಯಲ್ಲಿ ಅರ್ಧ ದಿನ ಓಡುವ ಫ್ರಿಜ್ಜು 55. ಒಟ್ಟು 143. ಅದರಲ್ಲಿ ಮುಕ್ಕಾಲಿನ ಹತ್ತಿರ ನುಂಗುವುದು ಎರಡೇ, ಫ್ರಿಜ್ಜು ಮತ್ತು ಆಟೋಪೈಲಟ್. ಮೊಬೈಲ್ ಚಾರ್ಜಿಗೆ ಹಾಕಿದ ಮಗನನ್ನು ಗದರಿ ಪ್ರಯೋಜನವಿಲ್ಲ.

2. ಉಳಿಸಿದ ಆಂಪಿಯರ್ ಗಳಿಸಿದ್ದಕ್ಕಿಂತ ಅಗ್ಗ.
ಹಾಯಿಗಳನ್ನು ಸರಿಯಾಗಿ ಹೊಂದಿಸಿದ ದೋಣಿ ತಾನಾಗಿಯೇ ನೇರ ಹೋಗುತ್ತದೆ, ಆಟೋಪೈಲಟ್ ಆಗಾಗ ಮಾತ್ರ ಕೈಹಾಕುತ್ತದೆ. ಹಾಯಿ ಹೆಚ್ಚಾಗಿ ದೋಣಿ ಒಂದೇ ಪಕ್ಕಕ್ಕೆ ಜಗ್ಗುತ್ತಿದ್ದರೆ ಆಟೋಪೈಲಟ್ಟಿನ ಮೋಟಾರು ಬಿಡುವಿಲ್ಲದೆ ಗೊಣಗುತ್ತದೆ. ಆ ಸದ್ದು ಕೇಳಿದಾಗ ಚಾರ್ಜರ್ ಹುಡುಕಬೇಡಿ, ಹಾಯಿಯನ್ನು ಕಿರಿದು ಮಾಡಿ. ದೂರ ಹೋಗುವವರು ಗಾಳಿಯ ಬಲದಿಂದಲೇ ಚುಕ್ಕಾಣಿ ತಿರುಗಿಸುವ ವಿಂಡ್‌ವೇನ್ ಹಾಕಿಸಿಕೊಳ್ಳಲಿ, ಅದಕ್ಕೆ ವಿದ್ಯುತ್ತೇ ಬೇಡ. ಕೂವೆಮರದ ತುದಿಯ 25 ವ್ಯಾಟಿನ ಹಳೇ ಬಲ್ಬು ಒಂದು ರಾತ್ರಿಗೆ 25 ಆಂಪಿಯರ್-ಅವರ್ ತಿನ್ನುತ್ತದೆ, ಎಲ್‌ಇಡಿಗೆ ಅದರ ಹತ್ತನೇ ಒಂದು ಭಾಗ ಸಾಕು. ಫ್ರಿಜ್ಜಿನ ಗೋಡೆಗೆ ಇನ್ನೆರಡು ಇಂಚು ಫೋಮ್ ಸೇರಿಸುವುದು ಹೊಸ ಸೋಲಾರ್ ಪ್ಯಾನೆಲ್‌ಗಿಂತ ಲಾಭ. ಫ್ರಿಜ್ಜೇ ಬೇಡವೆನ್ನುವುದು ಇನ್ನೂ ಲಾಭ, ಆದರೆ ಮನೆಮಂದಿ ಒಪ್ಪಬೇಕಲ್ಲ.

3. ಬ್ಯಾಟರಿಯ ಮೇಲೆ ಬರೆದ ಅಂಕಿಯಲ್ಲಿ ಅರ್ಧವನ್ನಷ್ಟೇ ನಿಮ್ಮದೆನ್ನಿ.
ಇದು ಸೀಸದ ಬ್ಯಾಟರಿಗೆ. ಚಾರ್ಜ್ ಮತ್ತು ಲೋಡ್ ಎರಡನ್ನೂ ಬಿಡಿಸಿ ಕೆಲವು ಗಂಟೆ ಸುಮ್ಮನಿಟ್ಟ ಬ್ಯಾಟರಿ 12.7 ವೋಲ್ಟ್ ತೋರಿಸಿದರೆ ತುಂಬಿದೆ, 12.2 ತೋರಿಸಿದರೆ ಅರ್ಧಕ್ಕೆ ಬಂದಿದೆ. ಅಲ್ಲಿಂದ ಕೆಳಗೆ ಮತ್ತೆ ಮತ್ತೆ ಇಳಿಸಿದರೆ ಆಯಸ್ಸು ಬೇಗ ಮುಗಿಯುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಶೇ. 80ರಷ್ಟು ಧೈರ್ಯವಾಗಿ ಬಳಸಬಹುದು. ಆದರೆ ಅದರ ವೋಲ್ಟೇಜ್ ಕೊನೆಯವರೆಗೂ ಹೆಚ್ಚು ಅಲ್ಲಾಡುವುದಿಲ್ಲ, ವೋಲ್ಟ್‌ಮೀಟರ್ ನಂಬಿ ಕೂತರೆ ಒಮ್ಮೆಲೇ ಕತ್ತಲೆ. ಒಳಹೋದದ್ದು, ಹೊರಬಂದದ್ದು ಎರಡನ್ನೂ ಎಣಿಸುವ ಶಂಟ್ ಮಾನಿಟರ್ ಹಾಕಿಸಿ.

4. ಸೀಸದ ಬ್ಯಾಟರಿಯನ್ನು ಅರೆಹೊಟ್ಟೆಯಲ್ಲಿಡಬೇಡಿ.
ತುಂಬದೆ ಬಿಟ್ಟರೆ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ. ಕೊನೆಯ ಐದನೇ ಒಂದು ಭಾಗ ತುಂಬಲು ಗಂಟೆಗಟ್ಟಲೆ ಬೇಕು, ಅದನ್ನು ಎಂಜಿನ್ ಓಡಿಸಿ ತುಂಬಿಸುವುದು ಡೀಸೆಲ್ ದಂಡ. ಬೆಳಿಗ್ಗೆ ಅರ್ಧ ಗಂಟೆ ಎಂಜಿನ್, ಉಳಿದ ದಿನವೆಲ್ಲ ಬಿಸಿಲು: ಈ ಜೋಡಿ ಒಳ್ಳೆಯದು. ಲಂಗರು ಹಾಕಿ ಡೀಸೆಲ್ ಎಂಜಿನ್ನನ್ನು ಸುಮ್ಮನೆ ಉರಿಸಿದರೆ ಮಸಿ ಕಟ್ಟುತ್ತದೆ, ಪಕ್ಕದ ದೋಣಿಯವರ ಶಾಪವೂ ತಟ್ಟುತ್ತದೆ. ಲಿಥಿಯಂ ಇದ್ದವರು ಆಲ್ಟರ್ನೇಟರ್‌ಗೂ ಬ್ಯಾಟರಿಗೂ ನಡುವೆ ಡಿಸಿ-ಡಿಸಿ ಚಾರ್ಜರ್ ಇಡಲೇಬೇಕು. ಇಲ್ಲದಿದ್ದರೆ ಬ್ಯಾಟರಿ ಎಳೆಯುವ ಭರಕ್ಕೆ ಆಲ್ಟರ್ನೇಟರ್ ಸುಟ್ಟುಹೋದೀತು.

5. ಬಿಸಿಲಿಗಿಂತ ನೆರಳನ್ನು ಗಮನಿಸಿ.
ನಮ್ಮ ಕಡಲಲ್ಲಿ 100 ವ್ಯಾಟಿನ ಪ್ಯಾನೆಲ್ ಒಳ್ಳೆಯ ಬಿಸಿಲಿನ ದಿನ ಸುಮಾರು 25ರಿಂದ 30 ಆಂಪಿಯರ್-ಅವರ್ ಕೊಡುತ್ತದೆ. ಆದರೆ ಅದರೊಳಗಿನ ಸೆಲ್‌ಗಳು ಸಾಲಾಗಿ ಜೋಡಿಸಿದವು. ಒಂದು ಮೂಲೆಗೆ ಹಾಯಿಯ ಬುಡದ ಅಡ್ಡಕಂಬವಾದ ಬೂಮ್‌ನ ನೆರಳು ಬಿದ್ದರೂ ಉತ್ಪಾದನೆ ಧೊಪ್ಪನೆ ಕುಸಿಯುತ್ತದೆ. ಲಂಗರಿನಲ್ಲಿದ್ದಾಗ ಬೂಮನ್ನು ಹಗ್ಗ ಕಟ್ಟಿ ಪಕ್ಕಕ್ಕೆ ಸರಿಸಿ. ಎರಡು ಪ್ಯಾನೆಲ್ ಇದ್ದರೆ ಎರಡಕ್ಕೂ ಬೇರೆ ಬೇರೆ ಎಂಪಿಪಿಟಿ ಚಾರ್ಜ್ ಕಂಟ್ರೋಲರ್ ಹಾಕಿ. ಗಾಳಿಯಂತ್ರ ಎಲ್ಲರ ಕಣ್ಣು ಸೆಳೆಯುತ್ತದೆ, ನನಗೆ ಅದರ ಮೇಲೆ ನಂಬಿಕೆ ಕಡಿಮೆ. ಬೆನ್ನಹಿಂದಿನ 12 ನಾಟ್ ಗಾಳಿಯಲ್ಲಿ ದೋಣಿ 6 ನಾಟ್ ಓಡಿದರೆ ಯಂತ್ರಕ್ಕೆ ಸಿಗುವುದು ಉಳಿದ 6 ನಾಟ್ ಮಾತ್ರ. ಅಷ್ಟಕ್ಕೆ ರೆಕ್ಕೆ ತಿರುಗೀತು, ಬ್ಯಾಟರಿ ತುಂಬದು.

6. ಮಳೆಗಾಲದ ನಾಲ್ಕು ತಿಂಗಳನ್ನು ಮರೆಯಬೇಡಿ.
ದೋಣಿ ದಡ ಹತ್ತಿ ಟಾರ್ಪಾಲ್ ಹೊದ್ದು ಮಲಗಿದಾಗಲೇ ಹೆಚ್ಚು ಬ್ಯಾಟರಿಗಳು ಸಾಯುವುದು. ಬ್ಯಾಟರಿ ಬಿಚ್ಚಿ ಮನೆಗೆ ತನ್ನಿ, ಸೀಸದ್ದಾದರೆ ತಿಂಗಳಿಗೊಮ್ಮೆ ತುಂಬಿಸಿ.

7. ತಂತಿಯಲ್ಲಿ ಜುಗ್ಗತನ ಬೇಡ.
ಬ್ಯಾಟರಿಯಿಂದ 5 ಮೀಟರ್ ದೂರಕ್ಕೆ 10 ಆಂಪಿಯರ್ ಕಳಿಸುತ್ತೀರಿ ಅನ್ನೋಣ. ಹೋಗಿ ಬರುವುದು ಸೇರಿ ತಂತಿ 10 ಮೀಟರ್. 2.5 ಚದರ ಮಿಲಿಮೀಟರ್ ತಂತಿ ಹಾಕಿದರೆ ದಾರಿಯಲ್ಲೇ 0.7 ವೋಲ್ಟ್ ಸೋರುತ್ತದೆ, 6 ಚದರ ಮಿಲಿಮೀಟರ್ ಆದರೆ 0.3. ಮನೆಯ 230 ವೋಲ್ಟಿನಲ್ಲಿ ಗೊತ್ತೇ ಆಗದ ಈ ನಷ್ಟ 12 ವೋಲ್ಟಿನಲ್ಲಿ ರೇಡಿಯೊ ಬಾಯಿ ಮುಚ್ಚಿಸಲು ಸಾಕು, ಅದೂ 25 ವ್ಯಾಟಿನಲ್ಲಿ ಮಾತಾಡಲು ಗುಂಡಿ ಒತ್ತಿದ ಹೊತ್ತಿಗೆ. ಉಪ್ಪುಗಾಳಿಗೆ ಬರಿಯ ತಾಮ್ರ ಕಪ್ಪಾಗುತ್ತದೆ, ತವರ ಲೇಪಿಸಿದ ತಂತಿಯನ್ನೇ ಕೇಳಿ ಕೊಳ್ಳಿ. ಬ್ಯಾಟರಿಯಿಂದ ಒಂದು ಗೇಣು ದೂರ ಹೋಗುವುದರೊಳಗೆ ಫ್ಯೂಸ್ ಇರಲಿ. ದಿಕ್ಸೂಚಿಯ ಹತ್ತಿರ ಹಾಯುವ ಎರಡೂ ತಂತಿಗಳನ್ನು ಒಂದಕ್ಕೊಂದು ಹೆಣೆದುಬಿಡಿ, ಇಲ್ಲದಿದ್ದರೆ ದೀಪ ಹಚ್ಚಿದಾಗಲೆಲ್ಲ ಮುಳ್ಳು ಸರಿಯುತ್ತದೆ.

8. ಇನ್ವರ್ಟರ್ ಕೊನೆಯ ಆಯ್ಕೆ.
12ನ್ನು 230ಕ್ಕೆ ಏರಿಸಿ, ಚಾರ್ಜರಿನಲ್ಲಿ ಮತ್ತೆ 5ಕ್ಕೆ ಇಳಿಸಿ ಫೋನಿಗೆ ಉಣಿಸುವುದು ಶುದ್ಧ ಪೋಲು. ನೇರ 12 ವೋಲ್ಟಿನ ಯುಎಸ್‌ಬಿ ಸಾಕೆಟ್ ಹಾಕಿ.

9. ಎಲ್ಲವನ್ನೂ ಒಂದೇ ಬ್ಯಾಟರಿಗೆ ನೇತುಹಾಕಬೇಡಿ.
ಎಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿ ಪ್ರತ್ಯೇಕವಿರಲಿ, ಅದಕ್ಕೆ ಫ್ರಿಜ್ಜಿನ ಗಾಳಿಯೂ ಸೋಕದಿರಲಿ. ಮುಂಬೈಯಲ್ಲಿ ಕಟ್ಟಿದ ‘ಸುಹೇಲಿ’ ದೋಣಿಯಲ್ಲಿ ರಾಬಿನ್ ನಾಕ್ಸ್-ಜಾನ್‌ಸ್ಟನ್ 1968–69ರಲ್ಲಿ ಎಲ್ಲೂ ನಿಲ್ಲದೆ ಒಬ್ಬರೇ ಭೂಮಿ ಸುತ್ತಿದರು. ಆ ಯಾನದಲ್ಲಿ ಅವರ ರೇಡಿಯೊ ಕೈಕೊಟ್ಟಿತು, ಬ್ಯಾಟರಿಯ ಆಸಿಡ್ ಕಣ್ಣಿಗೆ ಸಿಡಿಯಿತು. ತೆರೆದ ಸೀಸದ ಬ್ಯಾಟರಿಗಿಂತ ಮುಚ್ಚಿದ ಎಜಿಎಂ ಏಕೆ ಮೇಲೆಂದು ಬೇರೆ ಹೇಳಬೇಕಿಲ್ಲ. ಅದೇ ಸುಹೇಲಿಯ ಮಾದರಿಯಲ್ಲಿ ಗೋವಾದಲ್ಲಿ ಕಟ್ಟಿದ ‘ತುರಿಯಾ’ದಲ್ಲಿ ನೌಕಾಪಡೆಯ ಅಭಿಲಾಷ್ ಟೋಮಿ 2018ರಲ್ಲಿ ಒಬ್ಬರೇ ಭೂಮಿ ಸುತ್ತುವ ಸ್ಪರ್ಧೆಗಿಳಿದರು. ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗೆ ದೋಣಿ ಉರುಳಿ ಕೂವೆಮರ ಮುರಿಯಿತು, ಅವರ ಬೆನ್ನಿಗೆ ಪೆಟ್ಟಾಯಿತು. ಎದ್ದೇಳಲಾಗದ ಸ್ಥಿತಿಯಲ್ಲಿ ಅವರು ಸಂದೇಶ ಕಳಿಸಿದ್ದು ಸ್ಯಾಟಲೈಟ್ ಮೂಲಕ ಒಂದೆರಡು ಸಾಲು ಬರೆದು ಕಳಿಸುವ ಪುಟ್ಟ ಸಾಧನದಿಂದ. ಕೈಯಲ್ಲಿ ಹಿಡಿಯುವ ವಿಎಚ್‌ಎಫ್, ತಲೆದೀಪ, ಮಾಮೂಲಿ ಸೆಲ್ ಹಾಕುವ ಜಿಪಿಎಸ್, ಅಪಾಯದ ಸಂಕೇತ ಕಳಿಸುವ ಇಪಿಐಆರ್‌ಬಿ ಇವೆಲ್ಲ ದೋಣಿಯ ವೈರಿಂಗಿನ ಹಂಗಿಲ್ಲದೆ ಬದುಕಬೇಕು. ಇಪಿಐಆರ್‌ಬಿ ಬ್ಯಾಟರಿಯ ಅವಧಿ ಅದರ ಮೇಲೆಯೇ ಬರೆದಿರುತ್ತದೆ, ಇವತ್ತೇ ನೋಡಿ.

10. ಹೊರಡುವ ಮುನ್ನ ಬಂದರಿನಲ್ಲೇ ಪರೀಕ್ಷೆ ಬರೆಯಿರಿ.
ದಡದ ವಿದ್ಯುತ್ ಕಿತ್ತು, ಸೋಲಾರ್ ಸ್ವಿಚ್ ಆಫ್ ಮಾಡಿ, ಒಂದು ಹಗಲು, ಒಂದು ರಾತ್ರಿ ಎಲ್ಲ ಉಪಕರಣ ಓಡಿಸಿ ದೋಣಿಯಲ್ಲೇ ಮಲಗಿ. ಬೆಳಿಗ್ಗೆ ಶಂಟ್ ಮೀಟರಿನ ಅಂಕಿಯನ್ನು ಮೊದಲ ಸೂತ್ರದಲ್ಲಿ ಬರೆದ ಪಟ್ಟಿಯ ಪಕ್ಕ ಇಟ್ಟು ನೋಡಿ. ಮೀಟರು ಪಟ್ಟಿಗಿಂತ ಹೆಚ್ಚು ತೋರಿಸಿದರೆ ಎಲ್ಲೋ ಸೋರಿಕೆಯಿದೆ. ಉಪಕರಣಗಳನ್ನೆಲ್ಲ ಆಫ್ ಮಾಡಿ ಒಂದೊಂದೇ ಫ್ಯೂಸ್ ಕೀಳುತ್ತ ಹೋಗಿ, ಯಾವುದನ್ನು ಕಿತ್ತಾಗ ಮೀಟರಿನ ಆಂಪಿಯರ್ ಅಂಕಿ ಇಳಿಯಿತೋ ಆ ತಂತಿಯ ಜಾಡು ಹಿಡಿಯಿರಿ.